ತಮ್ಮನಿಗೆ ಡೋಪಮಿನ್ ಜಾಸ್ತಿಯಂತೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ?

ಪ್ರಶ್ನೆ: ನಾವು ಗದಗ ಹತ್ತಿರದ ಹಳ್ಳಿಯವರು. ತಮ್ಮನಿಗೆ 24 ವರ್ಷ. ಹೋದ ವರ್ಷದಿಂದ "ಟಿವಿಯವರು ನನ್ನ ಬಗ್ಗೆನೇ ಮಾತಾಡಾಕತ್ತಾರ" ಅನ್ನುತ್ತಿದ್ದ. ಧಾರವಾಡದಲ್ಲಿ ತೋರಿಸಿದೆವು. ಸ್ಕಿಜೋಫ್ರೇನಿಯಾ, ಮೆದುಳಿನಲ್ಲಿ ಡೋಪಮಿನ್ ಜಾಸ್ತಿ ಅಂದರು. ಎರಡು ತಿಂಗಳಿಂದ ಗುಳಿಗೆ ನಡೆದಿದೆ. ಆ ಮಾತು ಕಡಿಮೆಯಾಗಿದೆ. ಆದರೆ ಚಹಾದ ಕಪ್ಪು ಹಿಡಿದರೆ ಕೈ ನಡುಗುತ್ತದೆ, ದಿನವಿಡೀ ಸುಮ್ನೆ ಕೂತಿರುತ್ತಾನೆ. ಡೋಪಮಿನ್ ಎಷ್ಟಿದೆ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ? ಪಥ್ಯ ಮಾಡಿ ಇಳಿಸಬಹುದಾ? ಗುಳಿಗೆ ನಿಲ್ಲಿಸಲಾ?

ಮನೋವೈದ್ಯರ ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ನೀವಾಗಿಯೇ ನಿಲ್ಲಿಸಬೇಡಿ.

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಹಾರ್ನ್, ಶೇಂಗಾ ಮಾರುವವರ ಕೂಗು, ಯಾರದೋ ಮಗುವಿನ ಅಳು. ಯಾವುದೂ ನಿಮಗೆ ತಾಗುವುದಿಲ್ಲ. ಕಂಡಕ್ಟರ್ "ಗದಗ, ಗದಗ, ಗದಗ" ಅಂದ ಕೂಡಲೇ ಕತ್ತು ತಿರುಗುತ್ತದೆ, ಅಲ್ವಾ? 'ಇದು ನನಗೆ ಬೇಕಾದದ್ದು' ಅಂತ ಗುರುತು ಹಾಕುವುದರಲ್ಲಿ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕದ ಪಾಲು ದೊಡ್ಡದು. ಮೆದುಳಿನ ಒಳಗೆ ಸ್ಟ್ರೈಯೇಟಮ್ ಎಂಬ ಜಾಗವಿದೆ. ಈ ಕಾಯಿಲೆಯ ಅನೇಕರಲ್ಲಿ ಅಲ್ಲಿ ಡೋಪಮಿನ್ ಜಾಸ್ತಿ ತಯಾರಾಗುತ್ತದೆ. ಆಗ ಸಂಬಂಧವಿಲ್ಲದ್ದಕ್ಕೂ ಗುರುತು ಬೀಳುತ್ತದೆ. ಹಾರ್ನ್ ನನಗೇ, ನ್ಯೂಸ್ ಓದುವವರ ನಗುವೂ ನನಗೇ. ಯಾಕೆ ಹೀಗೆ ಅಂತ ಮನಸ್ಸು ಒಂದು ಕಥೆ ಕಟ್ಟಿಕೊಳ್ಳುತ್ತದೆ. ಬೈದರೆ ಆ ಕಥೆ ಹೋಗುವುದಿಲ್ಲ.

ಆದರೆ 'ಮೆದುಳಿನಲ್ಲಿ ಜಾಸ್ತಿ' ಅನ್ನುವುದು ಅರ್ಧ ಮಾತು. ಓಪಿಡಿ ಗಡಿಬಿಡಿಯಲ್ಲಿ ನಾನೂ ಹಾಗೇ ಹೇಳಿಬಿಡುತ್ತೇನೆ. ಹಣೆಯ ಹಿಂದಿನ ಭಾಗದಲ್ಲಿ ಅದೇ ಡೋಪಮಿನ್ ಕೆಲಸ ಕಡಿಮೆಯಾಗಿರಬಹುದು. ಸ್ನಾನಕ್ಕೂ ಬೇಜಾರು, ಯಾರ ಜೊತೆಗೂ ಮಾತು ಬೇಡ ಅನ್ನುವುದಕ್ಕೆ ಅದೂ ಒಂದು ಕಾರಣ ಎಂಬ ಲೆಕ್ಕಾಚಾರವಿದೆ. ಹಾಗಾಗಿ ತಮ್ಮ ಸುಮ್ನೆ ಕೂರುವುದು ಕಾಯಿಲೆಯಿಂದಲೂ ಇರಬಹುದು, ಗುಳಿಗೆಯಿಂದಲೂ ಇರಬಹುದು.

ಗುಳಿಗೆ ಮಾಡುವುದೇನು? ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ಕೆಲಸ. ಡೋಪಮಿನ್ ಬಂದು ಕೂರುವ ಡಿ2 ಎಂಬ ಸೀಟುಗಳನ್ನು ಅದು ಮೊದಲೇ ಹಿಡಿಯುತ್ತದೆ. ಸಾಮಾನ್ಯವಾಗಿ ಹತ್ತರಲ್ಲಿ ಆರೇಳು ಸೀಟು ಹಿಡಿದರೆ ಗುಣ ಕಾಣುತ್ತದೆ. ಎಂಟು ದಾಟಿದರೆ ಕೈ ನಡುಕ, ಮೈ ಬಿಗಿತ ಜಾಸ್ತಿ. ಕೈಕಾಲಿನ ಚಲನೆಗೂ ಡೋಪಮಿನ್ನೇ ಬೇಕು. ಅದು ಕಡಿಮೆಯಾದಾಗ ಬರುವುದೇ ಪಾರ್ಕಿನ್ಸನ್ ಕಾಯಿಲೆ. ಗುಳಿಗೆ ಕೊಟ್ಟ ನಡುಕ ಸಾಮಾನ್ಯವಾಗಿ ಅದೇ ಥರದ್ದು, ಡೋಸ್ ಇಳಿಸಿದರೆ ಅಥವಾ ಗುಳಿಗೆ ಬದಲಿಸಿದರೆ ಹೆಚ್ಚಾಗಿ ಹೋಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮಾತ್ರ ಟಿವಿಯವರು ವಾಪಸ್ ಬರುವ ಸಾಧ್ಯತೆ ದೊಡ್ಡದು.

ಅಂದಹಾಗೆ, ಔಷಧ ಮೊದಲು ಬಂತು, ವಿವರಣೆ ಆಮೇಲೆ. 1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೊಮಜಿನ್ ಕೊಟ್ಟಾಗ ರೋಗಿಗಳು ಸುಧಾರಿಸಿದರು. ಯಾಕೆ ಅಂತ ಗೊತ್ತಿರಲಿಲ್ಲ. ಅದು ಡೋಪಮಿನ್‌ನಂಥ ರಾಸಾಯನಿಕಗಳ ಸೀಟು ತಡೆಯುತ್ತಿರಬೇಕು ಎಂದು ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಮತ್ತು ಅವರ ಜೊತೆಗಾರರು ಹೇಳಿದ್ದು 1963ರಲ್ಲಿ.

ರಕ್ತ ಪರೀಕ್ಷೆಗೆ ದುಡ್ಡು ಹಾಕಬೇಡಿ. ರಕ್ತದ ಡೋಪಮಿನ್ ಮೆದುಳಿಗೆ ದಾಟುವುದಿಲ್ಲ, ಅದನ್ನು ಅಳೆದರೆ ಮೆದುಳಿನ ಲೆಕ್ಕ ಸಿಗುವುದಿಲ್ಲ. ಪಥ್ಯದಿಂದಲೂ ಇಳಿಯುವುದಿಲ್ಲ. ರೊಟ್ಟಿ, ಮೊಸರು, ಗಿರ್ಮಿಟ್ ಏನು ಬೇಕಾದರೂ ತಿನ್ನಲಿ. ಕೆಲವು ಗುಳಿಗೆಗಳಿಂದ ತೂಕ ಏರುತ್ತದೆ, ಮಿರ್ಚಿ ಭಜಿ ಮಾತ್ರ ಲೆಕ್ಕದಲ್ಲಿರಲಿ.

ಈ ವಾರವೇ ವೈದ್ಯರ ಹತ್ತಿರ ಹೋಗಿ. ತಮ್ಮ ಕಪ್ಪು ಹಿಡಿದಾಗಿನ ನಡುಕವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ತೋರಿಸಿ. ನಡುವೆ ಮಾತಾಡಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ. ಮೈ ಕಟ್ಟಿಗೆಯಂತೆ ಬಿಗಿದು ಜೋರು ಜ್ವರ ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ.