ಐಎಸ್‌ಒ 45001 ಮಾಡಿಸಿದರೆ ಅಪಘಾತ ನಿಜವಾಗಿ ಕಡಿಮೆಯಾಗುತ್ತಾ, ಇಲ್ಲ ಬರೀ ಫೈಲ್ ಕೆಲಸವಾ?

ನೀವು ವಿವರದಲ್ಲಿ ಬರೆದಿರುವುದು ಇಷ್ಟು: ಪೀಣ್ಯದಲ್ಲಿ ಎಂಬತ್ತು ಜನ ಕೆಲಸ ಮಾಡುವ ಪ್ರೆಸ್ ಶಾಪ್, ಅಂದರೆ ತಗಡು ಒತ್ತಿ ಪೀಸ್ ಮಾಡುವ ಕಾರ್ಖಾನೆ. ದೊಡ್ಡ ಗಿರಾಕಿಯೊಬ್ಬರು ಐಎಸ್‌ಒ 45001, ಅಂದರೆ ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯ ನೋಡಿಕೊಳ್ಳುವ ಏರ್ಪಾಡಿನ ಅಂತಾರಾಷ್ಟ್ರೀಯ ಸ್ಟಾಂಡರ್ಡ್‌ನ ಸರ್ಟಿಫಿಕೇಟ್ ಕೇಳಿದ್ದಾರೆ. ಓನರ್ "ಕನ್ಸಲ್ಟೆಂಟ್ ಹಿಡಿದು ಮೂರು ತಿಂಗಳಲ್ಲಿ ಮುಗಿಸಿಬಿಡು" ಅಂದಿದ್ದಾರೆ. ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ನಿಮ್ಮ ಕುತ್ತಿಗೆಗೆ ಇದೂ ಬಿದ್ದಿದೆ. ಇದರಿಂದ ಏನಾದರೂ ಬದಲಾಗುತ್ತಾ ಅನ್ನೋದು ನಿಮ್ಮ ಅನುಮಾನ.

ನಾನು ಬೆಂಗಳೂರಿನ ಕಾರ್ಖಾನೆಗಳಲ್ಲೇ ಸೇಫ್ಟಿ ಕೆಲಸ ಮಾಡಿಕೊಂಡು ಬಂದವನು. ಮೊದಲು ಬೊಮ್ಮಸಂದ್ರ, ಆಮೇಲೆ ಪೀಣ್ಯ, ಈಗ ಆಡಿಟ್‌ಗೆ ಅಂತ ಊರೆಲ್ಲ ಸುತ್ತುತ್ತೇನೆ. ರಿಸೆಪ್ಷನ್‌ನಲ್ಲಿ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ, ಒಳಗೆ ಗಾರ್ಡ್ (ಕೈ ತಾಗದಂತೆ ಹಾಕುವ ಮುಚ್ಚಳ) ಇಲ್ಲದ ಬೆಲ್ಟ್ ಓಡಿಸುವವರನ್ನು ನೋಡಿದ್ದೇನೆ. ಯಾವ ಸರ್ಟಿಫಿಕೇಟೂ ಇಲ್ಲದೆ ಅಚ್ಚುಕಟ್ಟಾಗಿ ನಡೆಸುವವರನ್ನೂ ನೋಡಿದ್ದೇನೆ. ವ್ಯತ್ಯಾಸ ಗೊತ್ತಾಗುವುದು ಒಂದು ಜಾಗದಲ್ಲಿ. ಅಪಘಾತ ಆದಮೇಲೆ ಯಾರು ಬದಲಾಗಬೇಕು ಅಂತ ಆ ಕಂಪನಿ ತೀರ್ಮಾನಿಸುತ್ತದೆ ನೋಡಿ. ಮಷೀನ್ ಮುಂದೆ ನಿಂತವನು ಮಾತ್ರ ಬದಲಾಗಬೇಕು ಅಂತಾದರೆ ಅದು ಫೈಲ್ ಕೆಲಸ. ಡೈ (ತಗಡಿಗೆ ಆಕಾರ ಕೊಡುವ ಅಚ್ಚು), ಟಾರ್ಗೆಟ್, ದುಡ್ಡು ತೀರ್ಮಾನ ಮಾಡುವವರೂ ಬದಲಾದರೆ ಅದನ್ನು ಸಿಸ್ಟಮ್ ಅನ್ನಬಹುದು.

ನಿಮ್ಮ ಲೈನಿನದೇ ಒಂದು ಉದಾಹರಣೆ ಕೊಡುತ್ತೇನೆ. ಒಂದು ಶಾಪ್‌ನಲ್ಲಿ ಪವರ್ ಪ್ರೆಸ್‌ಗೆ ಎರಡು ಕೈ ಬಟನ್ ಹಾಕಿಸಿದ್ದರು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಒಳಗೆ ಕೈ ಇರಲ್ಲ ಅನ್ನೋದು ಲೆಕ್ಕ. ಹೋಗಿ ನೋಡಿದರೆ ಎಡಗಡೆ ಬಟನ್ ಮೇಲೆ ಸೆಲ್ಲೋ ಟೇಪ್ ಸುತ್ತಿತ್ತು. ಹೊಸ ಟೇಪೂ ಅಲ್ಲ, ಎಣ್ಣೆ ಹಿಡಿದು ಕಪ್ಪಾಗಿತ್ತು. ಅಂದರೆ ಆ ದಾರಿಯಲ್ಲಿ ದಿನಾ ಓಡಾಡುವ ಸೂಪರ್‌ವೈಸರ್, ಮೇಂಟೆನೆನ್ಸ್‌ನವರು, ಮ್ಯಾನೇಜರ್ ಎಲ್ಲರೂ ನೋಡಿದ್ದಾರೆ ಅಂತ ಅರ್ಥ. ಅದಕ್ಕೂ ಮುಂಚೆ ಅದೇ ಪ್ರೆಸ್‌ನಲ್ಲಿ ಒಬ್ಬ ಹುಡುಗನ ಬೆರಳಿನ ತುದಿ ಹೋಗಿತ್ತು. ರಿಪೋರ್ಟ್ ತೆಗೆಸಿ ಓದಿದೆ. ಕಾರಣ: ಕಾರ್ಮಿಕನ ಅಜಾಗರೂಕತೆ. ಕೈಗೊಂಡ ಕ್ರಮ: ಎಚ್ಚರಿಕೆಯಿಂದ ಕೆಲಸ ಮಾಡುವಂತೆ ತಿಳಿಹೇಳಲಾಗಿದೆ. ಕೆಳಗೆ ಅವನದೇ ಸಹಿ.

ಟೇಪ್ ಯಾಕೆ ಬಂತು ಅಂತ ಯಾರೂ ಕೇಳಿರಲಿಲ್ಲ. ಕೇಳಿದರೆ ಐದು ನಿಮಿಷದಲ್ಲಿ ಉತ್ತರ ಸಿಕ್ಕಿತು. ಆ ಡೈನಲ್ಲಿ ಪೀಸ್ ಹೊರತಳ್ಳುವ ಎಜೆಕ್ಟರ್ ಸರಿ ಇರಲಿಲ್ಲ, ಪೀಸ್ ಒಳಗೇ ಅಂಟಿಕೊಳ್ಳುತ್ತಿತ್ತು, ಕೈ ಹಾಕಿ ಕೀಳಬೇಕಿತ್ತು. ಶಿಫ್ಟಿಗೆ ಇಷ್ಟು ಪೀಸ್ ಅಂತ ಪ್ಲಾನಿಂಗ್‌ನವರು ಹಾಕಿದ ಟಾರ್ಗೆಟ್ ಬಟನ್ ಹಾಕಿಸುವುದಕ್ಕೂ ಹಿಂದಿನದು. ಎರಡೂ ಕೈ ಬಳಸಿದರೆ ಆ ಸಂಖ್ಯೆ ಮುಟ್ಟಲ್ಲ, ಮುಟ್ಟದಿದ್ದರೆ ಇನ್ಸೆಂಟಿವ್ ಇಲ್ಲ. ಹುಡುಗ ಏನು ಮಾಡಬೇಕಿತ್ತು ಹೇಳಿ? ಅವನ ಜಾಗದಲ್ಲಿ ಯಾರಿದ್ದರೂ ಟೇಪ್ ಸುತ್ತುತ್ತಿದ್ದರು.

ಅಂತಹ ಕಡೆ ಉಪಾಯ ಇಲ್ಲದೆ ಇಲ್ಲ. ಪೀಸ್ ತಾನಾಗಿ ಹೊರಬರುವಂತೆ ಡೈನ ಎಜೆಕ್ಟರ್ ಸರಿ ಮಾಡಿಸಬಹುದು. ಡೈಯ ತೆರವು 6 ಮಿ.ಮೀ. ಮೀರದಂತೆ ಮುಚ್ಚಿದ ಡೈ ಮಾಡಿಸಿದರೆ ಬೆರಳು ಒಳಗೆ ಹೋಗೋದೇ ಇಲ್ಲ. ಸರಿಯಾದ ಎರಡು ಕೈ ಕಂಟ್ರೋಲ್ ಆದರೆ ಎರಡೂ ಬಟನ್ ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸ್ಟ್ರೋಕ್‌ಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಟೇಪ್ ಸುತ್ತಿದರೆ ಪ್ರೆಸ್ ಓಡುವುದೇ ಇಲ್ಲ. ಅಲ್ಲಿ ಹಾಕಿದ್ದದ್ದು ಸುಮ್ನೆ ಎರಡು ಪುಶ್ ಬಟನ್‌ಗಳನ್ನು ಸೀರೀಸ್‌ನಲ್ಲಿ ಸೇರಿಸಿದ್ದು, ಒಂದನ್ನು ಟೇಪ್‌ನಿಂದ ಒತ್ತಿಟ್ಟರೆ ಇನ್ನೊಂದರಿಂದಲೇ ಪ್ರೆಸ್ ಓಡುತ್ತಿತ್ತು. ಇವೆಲ್ಲ ಓನರ್, ಟೂಲ್ ರೂಂ, ಪ್ಲಾನಿಂಗ್ ಮಾಡಬೇಕಾದ ತೀರ್ಮಾನಗಳು. ತಿಳಿಹೇಳಿಸಿಕೊಂಡಿದ್ದು ಮಾತ್ರ ಆ ಹುಡುಗ.

45001 ಕೇಳುವುದು ಬಹುಪಾಲು ಇದನ್ನೇ. ಅದರ 8.1.2ನೇ ಕಲಮು ಓದಿ. ಅಪಾಯವನ್ನು ಮೊದಲು ಪೂರ್ತಿ ತೆಗೆದುಹಾಕಲು ನೋಡಿ, ಆಗದಿದ್ದರೆ ಕಡಿಮೆ ಅಪಾಯದ್ದಕ್ಕೆ ಬದಲಿಸಿ, ಆಮೇಲೆ ಗಾರ್ಡ್ ಥರದ ಎಂಜಿನಿಯರಿಂಗ್ ತಡೆ, ಆಮೇಲೆ ತರಬೇತಿ, ಬೋರ್ಡ್ ಇತ್ಯಾದಿ. ಹೆಲ್ಮೆಟ್, ಗ್ಲೌಸ್ ಕಟ್ಟಕಡೆಗೆ. ನಮ್ಮ ಶಾಪ್‌ಗಳಲ್ಲಿ ಇದನ್ನು ಸರಿಯಾಗಿ ತಲೆಕೆಳಗೆ ಮಾಡುತ್ತಾರೆ: ಮೊದಲು ಗ್ಲೌಸ್ ಹಂಚಿ ಫೋಟೋ ತೆಗೆಸಿಕೊಳ್ಳುವುದು. 10.2ನೇ ಕಲಮು ಅಪಘಾತದ ಮೂಲ ಕಾರಣ ಹುಡುಕಿ, ಕೈಗೊಂಡ ಕ್ರಮ ಕೆಲಸ ಮಾಡಿತಾ ಅಂತಲೂ ಮತ್ತೆ ನೋಡಿ ಅನ್ನುತ್ತದೆ.

ಸ್ಟಾಂಡರ್ಡ್‌ನ ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಇದು 2018ರ ಮಾರ್ಚ್‌ನಲ್ಲಿ ಬಂತು. ಅದಕ್ಕೂ ಮುಂಚೆ 1999ರಿಂದ ಇದೇ ವಿಷಯದ ಒಎಚ್‌ಎಸ್‌ಎಎಸ್ 18001 ಅನ್ನೋ ಸ್ಟಾಂಡರ್ಡ್ ಇತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2001ರಲ್ಲಿ ತನ್ನದೇ ಮಾರ್ಗಸೂಚಿ ತಂದಿತ್ತು. ಯೋಚನೆ ಇನ್ನೂ ಹಳೆಯದು. 1972ರಲ್ಲಿ ಬ್ರಿಟನ್ನಿನ ರಾಬೆನ್ಸ್ ಸಮಿತಿ ಹೇಳಿದ್ದರ ತಿರುಳು ಏನೆಂದರೆ, ಕಾನೂನಿಗೆ ಒಂದೊಂದು ಮಷೀನಿಗೂ ಒಂದೊಂದು ನಿಯಮ ಬರೆಯುತ್ತಾ ಕೂರಲು ಆಗಲ್ಲ, ಅಪಾಯ ಹುಟ್ಟಿಸುವವರೇ ಅದನ್ನು ನೋಡಿಕೊಳ್ಳುವ ಏರ್ಪಾಡು ಮಾಡಬೇಕು. ನೀವು ಕ್ವಾಲಿಟಿಯ ಐಎಸ್‌ಒ 9001 ಮಾಡಿದವರಾದ್ದರಿಂದ ಪ್ಲಾನ್, ಡೂ, ಚೆಕ್, ಆಕ್ಟ್ ಹೊಸದೇನಲ್ಲ. ಅಸ್ಥಿಪಂಜರ ಅದೇ.

ಕಾನೂನು ಬೇರೆ, ಸಿಸ್ಟಮ್ ಬೇರೆ ಅನ್ನೋದು ಓನರ್‌ಗೂ ಗೊತ್ತಿರಲಿ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಅಪಾಯಕಾರಿ ಭಾಗಗಳಿಗೆ ಬೇಲಿ ಹಾಕಬೇಕು ಅಂದಿತ್ತು. ಭೋಪಾಲ್ ದುರಂತ ಆದಮೇಲೆ 1987ರ ತಿದ್ದುಪಡಿಯಲ್ಲಿ ಮಾಲೀಕನ ಸಾಮಾನ್ಯ ಹೊಣೆ, ಅಪಾಯಕಾರಿ ಪ್ರಕ್ರಿಯೆ ಇರುವ ಕಡೆ ಕಾರ್ಮಿಕರೂ ಆಡಳಿತದವರೂ ಸಮವಾಗಿರುವ ಸುರಕ್ಷಾ ಸಮಿತಿ ಇವೆಲ್ಲ ಸೇರಿದವು. ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಸಾಮಾನ್ಯ ಕಾರ್ಖಾನೆಗೆ 500 ಜನ ಇದ್ದರೆ ಸೇಫ್ಟಿ ಆಫೀಸರ್ ಕಡ್ಡಾಯ, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250. ನಿಮ್ಮ ಎಂಬತ್ತಕ್ಕೆ ಅದು ಬರಲ್ಲ. ಆದರೆ ಮಂಗಳವಾರ ರಾತ್ರಿ ಪಾಳಿಯಲ್ಲಿ ಗಾರ್ಡ್ ಜಾಗದಲ್ಲಿದೆಯಾ ಅಂತ ಯಾರು ನೋಡಬೇಕು, ಇಲ್ಲದಿದ್ದರೆ ಮಷೀನ್ ನಿಲ್ಲಿಸುವ ಅಧಿಕಾರ ಯಾರಿಗೆ? ಇದಕ್ಕೆ ಉತ್ತರ ಇನ್ಸ್‌ಪೆಕ್ಟರ್ ಬಂದು ಕೊಡುವುದಿಲ್ಲ. ಅದು ನಿಮ್ಮ ಸಿಸ್ಟಮ್‌ನಲ್ಲೇ ಇರಬೇಕು.

ಕಾಗದ ಇದ್ದರೆ ಸಾಕಾ ಅಂತ ಕೇಳುವವರಿಗೆ ನಾನು ಪೈಪರ್ ಆಲ್ಫಾ ಕಥೆ ಹೇಳುತ್ತೇನೆ. 1988ರ ಜುಲೈ 6, ಉತ್ತರ ಸಮುದ್ರದ ತೈಲ ಪ್ಲಾಟ್‌ಫಾರ್ಮ್. ಒಂದು ಪಂಪ್‌ನ ಸುರಕ್ಷಾ ವಾಲ್ವ್ ಬಿಚ್ಚಿ ರಿಪೇರಿಗೆ ತೆಗೆದಿದ್ದರು. ಅದಕ್ಕೆ ಪರ್ಮಿಟ್, ಅಂದರೆ ಆ ಕೆಲಸಕ್ಕೆ ಲಿಖಿತ ಅನುಮತಿ, ಬರೆದೂ ಇತ್ತು. ಪಾಳಿ ಬದಲಾಗುವಾಗ ಆ ವಿಷಯ ರಾತ್ರಿಯವರಿಗೆ ದಾಟಲಿಲ್ಲ. ಇನ್ನೊಂದು ಪಂಪ್ ಕೆಟ್ಟಾಗ ಇದನ್ನು ಚಾಲೂ ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಗಿ ಬೆಂಕಿ ಹತ್ತಿತು, 167 ಜನ ಸತ್ತರು. ಪರ್ಮಿಟ್ ಪದ್ಧತಿ ಅಲ್ಲಿ ಕಾಗದದ ಮೇಲೆ ಇತ್ತು, ಜನ ಅದನ್ನು ನಡೆಸುತ್ತಿದ್ದ ರೀತಿ ಸಡಿಲವಾಗಿತ್ತು. ನಿಮ್ಮಲ್ಲಿ ಎಣ್ಣೆ ಬಾವಿ ಇಲ್ಲದಿರಬಹುದು, ಪಾಳಿ ಬದಲಾಗುವ ಹೊತ್ತಿಗೆ ಅರ್ಧಕ್ಕೆ ನಿಂತ ಡೈ ಸೆಟ್ಟಿಂಗ್ ಇದ್ದೇ ಇರುತ್ತದೆ. ಅಲ್ಲಿ ಮೇನ್ ಸ್ವಿಚ್‌ಗೆ ಡೈ ಕೂರಿಸುವ ಸೆಟ್ಟರ್ ತನ್ನ ಬೀಗ ಹಾಕಿ ಕೀಲಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನಾ? ಅಥವಾ "ಕೈ ಹಾಕ್ಬೇಡ್ರೋ" ಅಂತ ಕೂಗಿ ಹೋಗುತ್ತಾನಾ?

ಆಮೇಲೆ ಶೆಡ್ಡಿನ ಛಾವಣಿ. ಪೀಣ್ಯದ ಹಳೆ ಶೆಡ್‌ಗಳ ಮೇಲೆ ಇನ್ನೂ ಕಲ್ನಾರಿನ ಶೀಟ್ ಇದೆ. ಮಳೆಗಾಲಕ್ಕೆ ಮುಂಚೆ ಸೋರಿಕೆ ಮುಚ್ಚಲು ಯಾರೋ ಕಾಂಟ್ರಾಕ್ಟರ್ ಇಬ್ಬರನ್ನು ಹತ್ತಿಸುತ್ತಾನೆ. ಹಳೆಯ ಶೀಟ್ ಒಬ್ಬ ಮನುಷ್ಯನ ಭಾರ ತಡೆಯಲ್ಲ, ಸೀಳಿ ನೇರ ಕೆಳಗಿನ ಕಾಂಕ್ರೀಟಿಗೆ ಬೀಳುತ್ತಾನೆ. "ಅವನು ನಮ್ಮ ಎಂಪ್ಲಾಯಿ ಅಲ್ಲ" ಅನ್ನೋದು ಇಲ್ಲಿ ನಡೆಯಲ್ಲ. ಕಾಂಟ್ರಾಕ್ಟರ್‌ಗಳೂ ನಿಮ್ಮ ಸಿಸ್ಟಮ್ ಒಳಗೇ ಅಂತ 8.1.4 ಸ್ಪಷ್ಟವಾಗಿ ಹೇಳುತ್ತದೆ. ನಡೆಯಲು ಹಲಗೆ, ಕೆಳಗೆ ಬಲೆ, ಸೇಫ್ಟಿ ಹಾರ್ನೆಸ್‌ನ ಹಗ್ಗ ಕಟ್ಟಲು ಗಟ್ಟಿ ಜಾಗ ಇಲ್ಲದೆ ಯಾರನ್ನೂ ಹತ್ತಿಸಬಾರದು. ನಾನು ಆಡಿಟ್‌ಗೆ ಹೋದರೆ ರಿಜಿಸ್ಟರ್ ಕೇಳುವ ಮುಂಚೆ ತಲೆ ಎತ್ತಿ ಶೀಟ್ ನೋಡುತ್ತೇನೆ. ಎಲ್ಲಿ ಹೊಸ ತೇಪೆ ಇದೆಯೋ ಅಲ್ಲಿ ಯಾರೋ ಹತ್ತಿದ್ದಾರೆ. ಆ ದಿನದ ಪರ್ಮಿಟ್ ತೋರಿಸಿ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಆರೋಗ್ಯದ ಭಾಗವನ್ನು ಎಲ್ಲರೂ ಮರೆಯುತ್ತಾರೆ. ಪ್ರೆಸ್ ಶಾಪ್ ಅಂದಮೇಲೆ ಸದ್ದು. ನಮ್ಮ ನಿಯಮದಲ್ಲಿ ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ. ಕಿವಿ ಹೋಗುವಾಗ ರಕ್ತ ಬರಲ್ಲ, ಹಾಗಾಗಿ ರಿಪೋರ್ಟೂ ಬರಲ್ಲ. ಸದ್ದಿನಿಂದ ಕಿವಿ ಮಂದವಾಗುವುದು ಕಾರ್ಖಾನೆ ಕಾಯ್ದೆಯ ಮೂರನೇ ಶೆಡ್ಯೂಲ್‌ನಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲೇ ಇತ್ತು. ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಅನ್ನೋ ಪರೀಕ್ಷೆ) ಮಾಡಿಸಿ. ಖರ್ಚು ಜಾಸ್ತಿ ಏನಲ್ಲ.

ಕಾರ್ಮಿಕರ ಭಾಗವಹಿಸುವಿಕೆ ಅನ್ನೋದು 5.4ನೇ ಕಲಮು. ಬಹಳ ಕಡೆ ನಾಟಕ ನಡೆಯುವುದು ಇಲ್ಲೇ. ಸಮಿತಿ ಸಭೆ, ಟೀ, ಬನ್, ಕಳೆದ ಸಲದ ಮಿನಿಟ್ಸ್‌ಗೆ ಹೊಸ ತಾರೀಖು. ನಿಮ್ಮಲ್ಲಿ ರಾಯಚೂರಿನವರು, ಒಡಿಶಾದವರು, ಬಿಹಾರದವರು ಇರುತ್ತಾರೆ ಅಂದುಕೊಳ್ಳುತ್ತೇನೆ. ಮಷೀನ್ ಪಕ್ಕ ಇಂಗ್ಲಿಷಿನಲ್ಲಿ ನೇತುಹಾಕಿದ ಸೂಚನೆ ಯಾರಿಗೆ? ಅದು ಆಡಿಟರ್‌ಗೆ, ಅಂದರೆ ನನಗೆ! ಕನ್ನಡ, ಹಿಂದಿ, ಜತೆಗೆ ಚಿತ್ರ ಹಾಕಿ. ರಿಸ್ಕ್ ಪಟ್ಟಿ ಮಾಡುವಾಗ ಕನ್ಸಲ್ಟೆಂಟ್ ತರುವ ರೆಡಿಮೇಡ್ ಎಕ್ಸೆಲ್ ಪಕ್ಕಕ್ಕಿಟ್ಟು, ಆಪರೇಟರ್ ಜತೆ ಮಷೀನ್ ಹತ್ತಿರವೇ ನಿಂತು ಬರೆಯಿರಿ. "ಇಲ್ಲಿ ನಿನಗೆ ಯಾವಾಗ ಭಯ ಆಗುತ್ತೆ?" ಅಂತ ಕೇಳಿದರೆ ಸಾಕು, ಅರ್ಧ ಪಟ್ಟಿ ತುಂಬುತ್ತದೆ.

"ಇಷ್ಟು ದಿನ ಅಪಘಾತ ಇಲ್ಲ" ಅನ್ನೋ ಬೋರ್ಡ್ ಬೇಕಾದರೆ ಹಾಕಿ, ಅದಕ್ಕೆ ಬಹುಮಾನ ಮಾತ್ರ ಇಡಬೇಡಿ. ಇಟ್ಟರೆ ಗಾಯ ಕಡಿಮೆಯಾಗಲ್ಲ, ಹೇಳುವವರು ಕಡಿಮೆಯಾಗುತ್ತಾರೆ. ಹತ್ತಿರದ ಕ್ಲಿನಿಕ್‌ನಲ್ಲಿ ಕ್ಯಾಶ್ ಕೊಟ್ಟು ಹೊಲಿಗೆ ಹಾಕಿಸಿ, ಇಎಸ್‌ಐಗೆ ತಿಳಿಸದೆ ಮನೆಗೆ ಕಳಿಸುತ್ತಾರೆ. ಬಹುಮಾನ ಕೊಡಲೇಬೇಕು ಅಂದರೆ ಕೂದಲೆಳೆಯಲ್ಲಿ ತಪ್ಪಿದ ಘಟನೆಯನ್ನು ಬಂದು ಹೇಳಿದವನಿಗೆ ಕೊಡಿ. ಮೊದಲ ತಿಂಗಳು ಸಂಖ್ಯೆ ಏರುತ್ತದೆ. ಓನರ್ ಗಾಬರಿಯಾಗಬಾರದು ಅಂತ ಮುಂಚೆಯೇ ಹೇಳಿಡಿ.

ಒಂದು ಸಣ್ಣ ವಿಷಯ: ಆಯುಧ ಪೂಜೆಗೆ ಮಷೀನ್ ತೊಳೆದು ಪೇಂಟ್ ಹೊಡೆಯುವಾಗ ಗಾರ್ಡ್ ಬಿಚ್ಚುತ್ತಾರೆ. ಕುಂಬಳಕಾಯಿ ಒಡೆದ ಮೇಲೆ ಅದನ್ನು ವಾಪಸ್ ಹಾಕುವುದು ಮರೆಯುತ್ತದೆ. ಪೂಜೆ ಮುಗಿದ ಮೊದಲ ಪಾಳಿಗೆ ಒಂದು ಗಾರ್ಡ್ ಚೆಕ್ ಇಟ್ಟುಕೊಳ್ಳಿ.

ಮೂರು ತಿಂಗಳ ವಿಷಯಕ್ಕೆ ಬಂದರೆ, ದಾಖಲೆ ತಯಾರಾಗಬಹುದು. ಅಭ್ಯಾಸ ಆಗುವುದು ಕಷ್ಟ. ಆಡಿಟ್ ಎರಡು ಹಂತದಲ್ಲಿ ನಡೆಯುತ್ತದೆ, ಅದಕ್ಕೆ ಮುಂಚೆ ನಿಮ್ಮದೇ ಆಂತರಿಕ ಆಡಿಟ್ ಮತ್ತು ಮ್ಯಾನೇಜ್‌ಮೆಂಟ್ ರಿವ್ಯೂ ಆಗಿರಬೇಕು. ಸರ್ಟಿಫಿಕೇಟ್‌ಗೆ ಮೂರು ವರ್ಷ ಆಯಸ್ಸು, ನಡುವೆ ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ಕನ್ಸಲ್ಟೆಂಟ್ ಬೇಕೇಬೇಕು ಅಂತ ಸ್ಟಾಂಡರ್ಡ್‌ನಲ್ಲಿ ಎಲ್ಲೂ ಇಲ್ಲ, ದಪ್ಪ ಮ್ಯಾನ್ಯುಯಲ್ ಬೇಕು ಅಂತಲೂ ಇಲ್ಲ. ವಾರದಲ್ಲಿ ಸರ್ಟಿಫಿಕೇಟ್ ಕೈಗೆ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಎನ್‌ಎಬಿಸಿಬಿ (ಇಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಅಥವಾ ಅದಕ್ಕೆ ಸಮನಾದ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ನಿಮ್ಮ ಗಿರಾಕಿಯೇ ಒಪ್ಪದಿರಬಹುದು.

ನಾನಾಗಿದ್ದರೆ ಕನ್ಸಲ್ಟೆಂಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ರಾತ್ರಿ ಪಾಳಿ ಪ್ರೆಸ್ ಲೈನಿನಲ್ಲಿ ನಿಂತು, ಎಲ್ಲೆಲ್ಲಿ ಕೈ ಡೈ ಒಳಗೆ ಹೋಗುತ್ತಿದೆ ಅಂತ ಬರೆದುಕೊಳ್ಳುತ್ತಿದ್ದೆ. ಆ ಪಟ್ಟಿ ಇಟ್ಟುಕೊಂಡು ಓನರ್ ಹತ್ತಿರ ಹೋಗಿ, ಅತಿ ಕೆಟ್ಟ ಒಂದು ಡೈಗೆ ದುಡ್ಡು ಮಂಜೂರು ಮಾಡಿಸಿಕೊಳ್ಳಿ. ಅವರು ಏನು ಉತ್ತರ ಕೊಡುತ್ತಾರೆ ಅನ್ನೋದರಲ್ಲೇ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಇನ್ನೊಂದು, ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಸಾಧನ) ಹಾಕಿಸಿ ಅಂತ ಯಾರಾದರೂ ಕೊಟೇಶನ್ ಕೊಟ್ಟರೆ ಮೊದಲು ಪ್ರೆಸ್‌ನ ಕ್ಲಚ್ ಯಾವುದು ನೋಡಿ. ಹಳೆ ಪಿನ್ ಕ್ಲಚ್ ಪ್ರೆಸ್ ಒಮ್ಮೆ ಹಿಡಿದರೆ ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು, ನಡುವೆ ನಿಲ್ಲಿಸಲು ಬರಲ್ಲ. ಅದಕ್ಕೆ ಲೈಟ್ ಕರ್ಟನ್ ಹಾಕಿದರೆ ದುಡ್ಡು ದಂಡ. ನಿಮ್ಮಲ್ಲಿರುವುದು ಪಿನ್ ಕ್ಲಚ್ಚೋ ಫ್ರಿಕ್ಷನ್ ಕ್ಲಚ್ಚೋ, ಎಷ್ಟು ಟನ್ನಿನವು ಅಂತ ಕೆಳಗೆ ಬರೆಯಿರಿ. ಯಾವ ಗಾರ್ಡ್ ಹೊಂದುತ್ತದೆ ಅಂತ ಹೇಳುತ್ತೇನೆ.