ಗಾಡಿ ತಾನ ಬ್ರೇಕ್ ಹಿಡದ್ರ ಹಿಂದ ಕುಂತವ್ರಿಗೆ ಯಾಕ ಅಂಜಿಕಿ?

ಪ್ರಶ್ನೆ: ನಮಸ್ಕಾರ್ರಿ ಸರ್. ಹೋದ ತಿಂಗಳ ಅಡಾಸ್ (ಕ್ಯಾಮೆರಾ, ರೇಡಾರ್ ಹಚ್ಚಿ ಡ್ರೈವರಗ ನೆರವಾಗೋ ವ್ಯವಸ್ಥಾ) ಇರೋ ಹೊಸಾ ಗಾಡಿ ತಗೊಂಡೀನಿ. ಧಾರವಾಡದಿಂದ ಹಾವೇರಿಗೆ ಹೊಂಟಾಗ ಹೈವೇದಾಗ ಕ್ರೂಸ್ (ಸ್ಪೀಡ್ ತಾನ ನೋಡ್ಕೊಳ್ಳೋದು) ಹಚ್ಚಿದೆ, ಮುಂದ ಲಾರಿ ಬಂದ್ರ ಗಾಡಿ ತಾನ ಬ್ರೇಕ್ ಹಿಡೀತೈತಿ, ಸ್ಟೇರಿಂಗೂ ತಾನ ಸ್ವಲ್ಪ ತಿರಗತೈತಿ. ಹಿಂದ ಕುಂತ ನಮ್ಮವ್ವ ಮ್ಯಾಲಿನ ಹಿಡಿಕಿ ಬಿಡಲೇ ಇಲ್ಲ, "ಗಾಡಿ ಯಾರ ಹೊಡ್ಯಾಕತ್ತಾರೋ, ನೀನೋ ಅದೋ?" ಅಂತ ಕೇಳಿದ್ಲು. ಅಪ್ಪಗ ಹೊಟ್ಟಿ ತೊಳಸಿದಂಗ ಆತು. ಎಲ್ಲಾ ಬಂದ್ ಮಾಡಿ ಓಡಿಸ್ಲ್ಯಾ, ಇಲ್ಲಾ ಅವ್ರಿಗೆ ನಂಬಿಕಿ ಬರೋಹಂಗ ಏನರ ಮಾಡಾಕ ಬರತೈತ್ರಿ? (ಓದುಗರೊಬ್ಬರು, ಧಾರವಾಡ)

ಉತ್ತರ: ಅವ್ವಾರು ಕೇಳಿದ್ದು ಭಾಳ ಸರಿಯಾದ ಪ್ರಶ್ನೆರಿ, ಮೊದಲ ಅದಕ್ಕ ಖರೇ ಉತ್ತರ ಕೊಡ್ರಿ. "ಹೊಡ್ಯಾಂವ ನಾನ ಬೇ, ಇದು ಬರೇ ಕೈಗೂಡಸತೈತಿ" ಅನ್ರಿ. ಎಸ್‌ಎಇ ಅನ್ನೋ ಇಂಜಿನಿಯರ್‌ಗಳ ಸಂಸ್ಥೆ ಇದಕ್ಕ 0 ದಿಂದ 5 ರ ತನಕ ಲೆವೆಲ್ ಮಾಡೈತಿ, ನಮ್ಮಲ್ಲಿ ಮನಿಮಂದಿ ತಗೊಳ್ಳೋ ಅಡಾಸ್ ಗಾಡಿ ಅಂದ್ರ ಹೆಚ್ಚಿಗಿ ಲೆವೆಲ್ 2. ಸ್ಪೀಡೂ ನೋಡ್ಕೋತೈತಿ, ಸ್ಟೇರಿಂಗಿಗೂ ಕೈ ಹಚ್ಚತೈತಿ, ಆದ್ರ ರೋಡ್ ಮ್ಯಾಲಿನ ಕಣ್ಣು ಮತ್ತ ಜವಾಬ್ದಾರಿ ಎರಡೂ ನಿಮ್ಮವ.

ಇನ್ನ ಅಂಜಿಕಿ ವಿಚಾರ. ಹೋದ ವರ್ಷ ನಾನೂ ನಮ್ಮ ಅಳ್ಯಾನ ಗಾಡ್ಯಾಗ ಹಿಂದ ಕುಂತು ಶಿಗ್ಗಾಂವಿ ಕಡೆ ಹೊಂಟಿದ್ದೆ. ಮುಂದಿನ ಟ್ರಕ್ ಹತ್ರ ಹತ್ರ ಬರಾಕತ್ತು, ಗಾಡಿ ಬ್ರೇಕ್ ಹಿಡಿಯವಲ್ದು, ನನ್ನ ಬಲಗಾಲ ಮ್ಯಾಟ್ ಮ್ಯಾಲೆ ಇಲ್ಲದ ಬ್ರೇಕ್ ಒತ್ತಾಕತ್ತಿತ್ತು. ಆಮ್ಯಾಲೆ ಒಮ್ಮೆಲೆ ಹಿಡೀತು. ಅಳ್ಯಾಗ ಏನೂ ಅನಿಸ್ಲಿಲ್ಲ, ಯಾಕಂದ್ರ ಅವನ ಮುಂದಿನ ಸ್ಕ್ರೀನ್‌ದಾಗ ಟ್ರಕ್ಕಿನ ಚಿತ್ರ ಮೂಡಿತ್ತು, ಗಾಡಿ ಅದನ್ನ ನೋಡೈತಿ ಅಂತ ಅವಂಗ ಗೊತ್ತಿತ್ತು. ನಂಗ ಕಾಣಸ್ತಿದ್ದಿದ್ದು ಸೀಟಿನ ಬೆನ್ನು ಅಷ್ಟ. ಹೊಟ್ಟಿ ತೊಳಸೋದೂ ಇದಕ್ಕ ರೀ, ಕಿವಿ ಒಳಗಿನ ಸಮತೋಲ ಹಿಡಿಯೋ ಅಂಗ ಒಂದು ಹೇಳತೈತಿ, ಕಣ್ಣು ಒಂದು ಹೇಳತೈತಿ, ಮುಂದ ಏನ ಆಗತೈತಿ ಅಂತ ಮೊದಲ ಗೊತ್ತಿರಂಗಿಲ್ಲ. ಡ್ರೈವರಗ ಗೊತ್ತಿರತೈತಿ, ಅದಕ್ಕ ಡ್ರೈವರಗ ವಾಂತಿ ಬರೋದು ಕಡಿಮಿ.

ತಡಸದಾಗ ಚಾ ಕುಡ್ಯಾಕ ನಿಂತಾಗ ಅಳ್ಯಾನ ಸೆಟ್ಟಿಂಗ್ ನೋಡಿದೆ, ಮುಂದಿನ ಗಾಡಿ ಜೊತಿ ಬಿಡೋ ಅಂತರ ಎಲ್ಲಾಕಿಂತ ಕಡಿಮಿದಕ್ಕ ಇಟ್ಟಿದ್ದ. 80 ಕಿ.ಮೀ. ಸ್ಪೀಡಿನಾಗ ಒಂದು ಸೆಕೆಂಡಿಗೆ ಗಾಡಿ 22 ಮೀಟರ್ ಓಡತೈತಿ, ಅಂದ್ರ ಒಂದು ಸೆಕೆಂಡ್ ಅಂತರ ಇಟ್ರ 22 ಮೀಟರ್, ಎರಡು ಸೆಕೆಂಡ್ ಇಟ್ರ 44. ಉದ್ದಂದಕ್ಕ ಮಾಡ್ಸಿದೆ ನೋಡ್ರಿ, ಬಂಕಾಪುರ ಬರೋದ್ರಾಗ ಬಾಜು ಕುಂತ ನಮ್ಮ ತಂಗಿ ಹಿಡಿಕಿ ಬಿಟ್ಟು ಶೇಂಗಾ ಸುಲ್ಯಾಕತ್ತಿದ್ಲು. ನೀವೂ ಇದನ್ನ ಮೊದಲ ಮಾಡ್ರಿ. ಮತ್ತ ದೂರದಾಗ ಲಾರಿ ಕಂಡ ಕೂಡ್ಲೆ ಗಾಡಿ ಬ್ರೇಕ್ ಹಿಡಿಯೋ ತನಕ ಕಾಯಬ್ಯಾಡ್ರಿ, ಕ್ರೂಸಿನ ಮೈನಸ್ ಬಟನ್ ನೀವ ಒತ್ತಿ ಸ್ಪೀಡ್ ಇಳಸ್ರಿ, ಗಾಡಿ ಮೆಲ್ಲಕ ನಿಧಾನ ಆಗತೈತಿ, ಅಪ್ಪಾರ ಹೊಟ್ಟಿನೂ ತಣ್ಣಗ ಇರತೈತಿ. ಒಂದು ದಿನ ಅವ್ವಾರನ್ನ ಮುಂದ ಕುಂಡ್ರಿಸಿ ಸ್ಕ್ರೀನ್ ತೋರಸ್ರಿ, "ಈಗ ಲಾರಿ ನೋಡ್ತು, ಈಗ ಬ್ರೇಕ್ ಹಿಡೀತೈತಿ" ಅಂತ ಮೊದಲ ಹೇಳ್ಕೋತ ಹೋಗ್ರಿ. ಖರೇ ಅಂದ್ರ ಇದನ್ನ ಗಾಡಿ ಮಾಡಾವ್ರ ಯೋಚ್ನೆ ಮಾಡ್ಬೇಕಿತ್ತು, ಹಿಂದಿನ ಸೀಟಿಗೂ ಕಾಣೋಹಂಗ ಒಂದು ಸಣ್ಣ ಗುರ್ತು, ಬ್ರೇಕಿಗೆ ಮೊದಲ ಒಂದು ಮೆತ್ತಗಿನ ಸಪ್ಪಳ. ನಮ್ಮಲ್ಲಿ ಗಾಡಿ ಅಂದ್ರ ಮನಿಮಂದಿ ಎಲ್ಲಾ ಹತ್ತೋದು, ಡ್ರೈವರ್ ಒಬ್ಬಾಂವ ಅಲ್ಲ.

ಆದ್ರ "ಗಾಡಿ ಎಲ್ಲಾ ನೋಡ್ಕೋತೈತಿ" ಅಂತ ಮಾತ್ರ ಹೇಳಬ್ಯಾಡ್ರಿ, ಕೈ ಮುಗೀತೀನಿ. ಹಿಂದ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ರೋಡಿನಾಗ ನಿಂತಿದ್ರ ಕ್ರೂಸ್ ನಂಬಬ್ಯಾಡ್ರಿ, ಸ್ಪೀಡಿನಾಗ ಇದ್ದಾಗ ನಿಂತ ಗಾಡಿ ಅದಕ್ಕ ತಿಳಿಯದ ಇರಬಹುದು ಅಂತ ಎಷ್ಟೋ ಗಾಡಿಗಳ ಪುಸ್ತಕದಾಗ ಬರದಿರತಾರ. ಹಾವೇರಿ ಕಡೆ ಸುಗ್ಗಿಯೊಳಗ ರೋಡ್ ಮ್ಯಾಲೆ ಗೋವಿನಜೋಳ ಹರವಿರತಾರ, ಅದರ ಬದಿಗಿ ಕಲ್ಲ ಇಟ್ಟಿರತಾರ, ಅಲ್ಲಿ ನಿಮ್ಮ ಕಣ್ಣ ಬೇಕು. ಬೈಪಾಸ್‌ದಾಗ ರೋಡ್ ಅಗಲ ಮಾಡೋ ಕೆಲ್ಸ ಇದ್ದಲ್ಲಿ ಲೇನಿನ ಹಳೇ ಪಟ್ಟಿ ಹೊಸಾ ಪಟ್ಟಿ ಎರಡೂ ಕಾಣಸ್ತಾವ, ಕ್ಯಾಮೆರಾ ಗಲಿಬಿಲಿ ಆಗತೈತಿ, ಲೇನ್ ಅಸಿಸ್ಟ್ (ಪಟ್ಟಿ ನೋಡಿ ಸ್ಟೇರಿಂಗ್ ತಿರಗಸೋದು) ಬಂದ್ ಮಾಡ್ರಿ. ಹುಬ್ಬಳ್ಳಿಯೊಳಗ ನವನಗರದಿಂದ ಉಣಕಲ್ ಕಡೆ ಚಿಗರಿ (ಬಿಆರ್‌ಟಿಎಸ್) ಬಸ್ಸಿಗೆ ನಡುವ ಬ್ಯಾರೆ ದಾರಿ ಐತಿ, ನಮಗ ಬಾಜುಕಿನ ಗದ್ದಲ, ಬೈಕ್‌ನವ್ರು ಸಂದ್ಯಾಗ ತೂರತಾರ, ಗಾಡಿ ಜಗ್ಗಿ ಜಗ್ಗಿ ಬ್ರೇಕ್ ಹಿಡೀತೈತಿ, ಅಲ್ಲಿ ಕ್ರೂಸ್ ಬ್ಯಾಡ. ಡಿಕ್ಕಿ ತಪ್ಪಿಸೋ ಎಮರ್ಜನ್ಸಿ ಬ್ರೇಕ್ ಮಾತ್ರ ಎಲ್ಲೂ ಬಂದ್ ಮಾಡಬ್ಯಾಡ್ರಿ.

ಪ್ರಶ್ನೆ: ಗಾಡಿ ಮುಂದಿನ ಕಾಜು (ಗ್ಲಾಸ್) ಒಡೆದು ಹೊರಗಿನ ಗ್ಯಾರೇಜಿನಾಗ ಬದಲ ಮಾಡಿಸಿದ್ವಿ, ಆವಾಗಿಂದ ಪಟ್ಟಿ ದಾಟಿದ್ರ ಎಚ್ಚರಸೋ ಲೇನ್ ಅಲರ್ಟ್ ಸುಮ್ಮ ಸುಮ್ಮನ ಹೊಡಕೋತೈತಿ, ಮಕ್ಕಳು ಬೆಚ್ಚತಾರ. (ಓದುಗರೊಬ್ಬರು, ಗದಗ)

ಉತ್ತರ: ಒಳಗಿನ ಕನ್ನಡಿ ಹಿಂದ ಕಾಜಿಗೆ ಹತ್ತಿ ಕ್ಯಾಮೆರಾ ಇರತೈತಿ, ಕಾಜು ಬದಲಾದ ಮ್ಯಾಲೆ ಅದನ್ನ ಹೊಸದಾಗಿ ಕ್ಯಾಲಿಬ್ರೇಟ್ (ನೋಟ ಸರಿಯಾಗಿ ಹೊಂದಸೋದು) ಮಾಡ್ಬೇಕ್ರಿ, ಒಂದು ಚೂರು ಓರೆ ಆಗಿದ್ರೂ ದೂರದ ಪಟ್ಟಿ ಎಲ್ಲೋ ಕಾಣಸ್ತೈತಿ. ಸರ್ವಿಸ್ ಸೆಂಟರಿಗೆ ಒಯ್ದು ಮಾಡಸ್ರಿ, ಅಲ್ಲೀ ತನಕ ಲೇನ್ ಅಸಿಸ್ಟ್ ಬಂದ್ ಇಡ್ರಿ. ಮತ್ತ ಮಳಿಯೊಳಗ ಹೊಲದಿಂದ ಬಂದ್ರ ಎರಿಮಣ್ಣು ಅಂತರ ಅಳಿಯೋ ಮುಂದಿನ ರೇಡಾರ್ ಮ್ಯಾಲೆ ಕುಂತಿರತೈತಿ, ಹಸಿ ಇದ್ದಾಗ ನೀರ ಹಾಕಿ ಮೆತ್ತಗಿನ ಅರಬಿಲೆ ಒರಸ್ರಿ, ಒಣಗಿದ್ರ ಕೆರ್ಯಾಕ ಹೋಗಬ್ಯಾಡ್ರಿ, ನೆನಸಿ ತಗೀರಿ.