ಸಂಪಾದಕರ ಉತ್ತರ: ಎರಡೂ ದಿನದ ಕಥೆ ಹೇಳಿ

ಕಳೆದ ಸಂಚಿಕೆಯಲ್ಲಿ ಭಾರತದ ಫಾಸ್ಟ್ ಬೌಲರ್ ಆಗಿದ್ದ ಜಾವಗಲ್ ಶ್ರೀನಾಥ್ ನನ್ನ ಬಾಲ್ಯದ ಹೀರೋ ಎಂದು ಬರೆದಿದ್ದೆ. ಅದಕ್ಕೆ ಅರಸೀಕೆರೆಯ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: “ಜಾವಗಲ್‌ನಲ್ಲಿ ಹುಟ್ಟಿದವರು ಅನ್ನುವ ಅಭಿಮಾನ ಸರಿ. ಆದರೆ 2003ರ ವಿಶ್ವಕಪ್ ಫೈನಲ್‌ನಲ್ಲಿ 87 ರನ್ ಕೊಟ್ಟವರನ್ನು ಮಕ್ಕಳ ಮುಂದೆ ಯಾಕೆ ಇಡಬೇಕು? ನನ್ನ ಮಗನಿಗೆ ಹದಿಮೂರು ವರ್ಷ, ಫಾಸ್ಟ್ ಬೌಲರ್. ಭುಜ ನೋವು ಅಂದರೂ ಬಿಡದೆ ದಿನಾ ಬೌಲಿಂಗ್ ಮಾಡಿಸುತ್ತಿದ್ದೇನೆ. ಅವನಿಗೆ ಗೆದ್ದವರ ಕಥೆ ಬೇಕು.”

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಮಗನ ಮೇಲೆ ನಿಮಗಿರುವ ಅಕ್ಕರೆ ಕಾಣಿಸಿತು.

ಮೊದಲು ಒಂದು ತಿದ್ದುಪಡಿ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, 1969ರ ಆಗಸ್ಟ್ 31ರಂದು. ಇಂಜಿನಿಯರಿಂಗ್ ಓದಿದ್ದೂ ಅಲ್ಲೇ, ಎಸ್‌ಜೆಸಿಇ ಕಾಲೇಜಿನಲ್ಲಿ. ಜಾವಗಲ್ ಅವರ ಹೆಸರಿನ ಮುಂದಿರುವ ಊರು. ನಮಗೆ ಅಷ್ಟೇ ಸಾಕಾಗಿತ್ತು. ಹಳೇಬೀಡು ದಾಟಿ ಬಾಣಾವರದ ಕಡೆ ಹೋಗುವಾಗ ಸಿಗುವ ಊರಿನ ಹೆಸರು ಟಿವಿಯಲ್ಲಿ ಬರುತ್ತಿತ್ತಲ್ಲ! ಇಂಗ್ಲಿಷ್ ಕಾಮೆಂಟರಿಯವರು ಅದನ್ನು ‘ಜವಾಗಲ್’ ಎಂದು ಎಳೆದಾಗಲೆಲ್ಲ ನಮ್ಮಜ್ಜಿ ಅಡುಗೆಮನೆಯಿಂದಲೇ “ಜಾವಗಲ್ ಅನ್ರಪ್ಪಾ” ಎಂದು ತಿದ್ದುತ್ತಿದ್ದರು.

1996ರ ಅಕ್ಟೋಬರ್ 21ರ ರಾತ್ರಿ ನಿಮಗೂ ನೆನಪಿರಬೇಕು. ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಎದುರು ಟೈಟನ್ ಕಪ್ ಪಂದ್ಯ. ಗುರಿ 216. ಸಚಿನ್ 88ಕ್ಕೆ ಔಟಾದಾಗ ಸ್ಕೋರು 8 ವಿಕೆಟ್‌ಗೆ 164. ನಮ್ಮ ಬೀದಿಯಲ್ಲಿ ಒಂದೊಂದೇ ಮನೆಯ ಟಿವಿ ಆರಿತು. ನಮ್ಮ ಮನೆಯದು ಮಾತ್ರ ಆರಲಿಲ್ಲ, ಅಜ್ಜಿ ಬಿಡಲಿಲ್ಲ: “ಇನ್ನೂ ನಮ್ಮೋರಿಬ್ಬರು ಅವ್ರಲ್ಲ, ಕೂತ್ಕೊ.” ಕರ್ನಾಟಕದವರೇ ಆದ ಅನಿಲ್ ಕುಂಬ್ಳೆ ಮತ್ತು ಶ್ರೀನಾಥ್ ಬೇಕಿದ್ದ 52 ರನ್ನನ್ನೂ ಹೊಡೆದು ಮುಗಿಸಿದರು. ಶ್ರೀನಾಥ್ ಔಟಾಗದೆ 30. ಮಾರನೇ ದಿನ ಶಾಲೆಯಲ್ಲಿ, ಟಿವಿ ಆರಿಸಿ ಮಲಗಿದ್ದ ಹುಡುಗರಿಗೆಲ್ಲ ಆ ಪಂದ್ಯ ಹೇಳುವ ಕೆಲಸ ನನ್ನದಾಯಿತು. ಬರೆಯುವ ಹುಚ್ಚು ಶುರುವಾದದ್ದು ಅಲ್ಲಿಂದಲೇ ಅಂತ ಈಗ ಅನ್ನಿಸುತ್ತದೆ.

ಗೆದ್ದ ಕಥೆಯೇ ಬೇಕೆಂದರೆ ಅದೇ ವರ್ಷದ ಅಹಮದಾಬಾದ್ ಟೆಸ್ಟ್ ಇದೆ. ಗೆಲ್ಲಲು 170 ಬೇಕಿದ್ದ ದಕ್ಷಿಣ ಆಫ್ರಿಕಾ 105ಕ್ಕೆ ಆಲೌಟ್, ಶ್ರೀನಾಥ್ 21 ರನ್ನಿಗೆ 6 ವಿಕೆಟ್. ಆದರೆ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿರುವುದು 1999ರ ಫೆಬ್ರವರಿ.

ಆ ತಿಂಗಳ 7ನೇ ತಾರೀಕು ದೆಹಲಿಯಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿದ್ದವು, ಒಂಬತ್ತೂ ಕುಂಬ್ಳೆಯವರವೇ. ಇನ್ನೊಂದು ತುದಿಯಿಂದ ಶ್ರೀನಾಥ್ ಓಡಿ ಬಂದರು. ವಿಕೆಟ್ ಕೀಳುವುದನ್ನೇ ಬದುಕು ಮಾಡಿಕೊಂಡ ಮನುಷ್ಯ ಅವತ್ತು ಚೆಂಡನ್ನು ಆಫ್ ಸ್ಟಂಪಿನಿಂದ ದೂರ ದೂರ ಹಾಕಿದರು, ತಪ್ಪಿಯೂ ತನಗೆ ವಿಕೆಟ್ ಬೀಳದಿರಲಿ, ಹತ್ತನೆಯದೂ ಕುಂಬ್ಳೆಗೇ ಸಿಗಲಿ ಎಂದು. ಮುಂದಿನ ಓವರಿನಲ್ಲಿ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ಕುಂಬ್ಳೆಗೆ 74 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್.

ಅದಾಗಿ ಒಂಬತ್ತು ದಿನಕ್ಕೆ ಕೋಲ್ಕತ್ತದಲ್ಲಿ ಮತ್ತೆ ಪಾಕಿಸ್ತಾನ. ಮೊದಲ ಬೆಳಗ್ಗೆಯೇ ಅವರ ಸ್ಕೋರು 6 ವಿಕೆಟ್‌ಗೆ 26. ಶ್ರೀನಾಥ್ ಮೊದಲ ಇನ್ನಿಂಗ್ಸ್‌ನಲ್ಲಿ 5, ಎರಡನೆಯದರಲ್ಲಿ 86 ರನ್ನಿಗೆ 8, ಒಟ್ಟು 13 ವಿಕೆಟ್ ಕಿತ್ತರು. ಭಾರತ 46 ರನ್ನಿನಿಂದ ಸೋತಿತು. ಒಬ್ಬ ಬೌಲರ್ ಅದಕ್ಕಿಂತ ಹೆಚ್ಚು ಇನ್ನೇನು ಮಾಡಬೇಕು, ಹೇಳಿ? ಎಸ್‌ಎಸ್‌ಎಲ್‌ಸಿ ಪರೀಕ್ಷೆ ತಲೆಯ ಮೇಲಿತ್ತು. ಪುಸ್ತಕ ಮುಚ್ಚಿ ಅತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಕೆರೆ ಅಂಗಳದಲ್ಲಿ ಪಕ್ಕದ ಊರಿನವರ ಜೊತೆ ಟೆನಿಸ್ ಬಾಲ್ ಪಂದ್ಯ ನಡೆಯಿತು. ನನ್ನ ಗೆಳೆಯನಿಗೆ ನಾಲ್ಕು ವಿಕೆಟ್ ಬಿದ್ದಿತ್ತು, ಐದಾದರೆ ಮೊದಲ ಸಲ. ಅವರ ಕೊನೆಯ ಜೋಡಿ ಆಡುತ್ತಿತ್ತು, ಓವರ್ ನನ್ನದು. ಬೇಲಿಯ ಹತ್ತಿರದಿಂದ ಓಡಿ ಬಂದು ಆರೂ ಚೆಂಡನ್ನು ಹೊರಗೆ ಹಾಕಿದೆ. ಎರಡು ವೈಡ್, ಒಂದು ಫೋರ್ ಹೋಯಿತು. ನಮ್ಮ ತಂಡದ ಅಣ್ಣಂದಿರು ಬೈದರು. ಮುಂದಿನ ಓವರಿನಲ್ಲಿ ಅವನಿಗೆ ಐದನೆಯದು ಸಿಕ್ಕಿತು. ಅವನೀಗ ಕೊಬ್ಬರಿ ವ್ಯಾಪಾರಿ. ಹರಾಜಿನ ದಿನ ಸಿಕ್ಕರೆ ಕಾಯಿ ರೇಟಿಗಿಂತ ಮೊದಲು ಆ ಓವರಿನ ಮಾತು ತೆಗೆಯುತ್ತಾನೆ. ನನ್ನ ಹೆಸರಿಗೆ ಅವತ್ತು ಒಂದು ವಿಕೆಟ್ಟೂ ಇರಲಿಲ್ಲ. ಆದರೂ ನಾನು ಆಡಿದ ಆಟಗಳಲ್ಲಿ ನನಗೆ ಹೆಮ್ಮೆ ಇರುವುದು ಅದೊಂದರ ಬಗ್ಗೆಯೇ. ಅದನ್ನು ನನಗೆ ಕಲಿಸಿದವರು ಶ್ರೀನಾಥ್.

ಈಗ ನಿಮ್ಮ 87ಕ್ಕೆ ಬರುತ್ತೇನೆ. ಲೆಕ್ಕ ಸರಿ ಇದೆ. 2003ರ ಮಾರ್ಚ್ 23, ಜೋಹಾನ್ಸ್‌ಬರ್ಗ್, 10 ಓವರ್, 87 ರನ್, ವಿಕೆಟ್ ಇಲ್ಲ. ಕೆಟ್ಟ ದಿನವೇ, ನಾನು ಸಬೂಬು ಹೇಳುವುದಿಲ್ಲ. ಆದರೆ ಅದಕ್ಕೆ ಹದಿಮೂರು ದಿನ ಮೊದಲು, ಅದೇ ಮೈದಾನದಲ್ಲಿ, ಶ್ರೀಲಂಕಾವನ್ನು 109ಕ್ಕೆ ಕಟ್ಟಿಹಾಕಿದಾಗ 35 ರನ್ನಿಗೆ 4 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದವರೂ ಅವರೇ. ಆ ವಿಶ್ವಕಪ್‌ನಲ್ಲಿ ಒಟ್ಟು 16 ವಿಕೆಟ್, ಮೂವತ್ಮೂರನೇ ವಯಸ್ಸಿನಲ್ಲಿ. ಫೈನಲ್‌ನಲ್ಲಿ ಆಸ್ಟ್ರೇಲಿಯಾದ ನಾಯಕ ಪಾಂಟಿಂಗ್ ಹೊಡೆಯುತ್ತಲೇ ಇದ್ದರು. ಶ್ರೀನಾಥ್ ಪ್ರತಿ ಸಲವೂ ಹಿಂದಕ್ಕೆ ನಡೆದು ಹೋಗಿ, ತಿರುಗಿ, ಮತ್ತೆ ಓಡಿ ಬಂದರು. ಹತ್ತನೇ ಓವರನ್ನೂ ಮುಗಿಸಿದರು. ಅದೇ ಅವರ ಕೊನೆಯ ಏಕದಿನ ಪಂದ್ಯ. ನಿಮ್ಮ ಮಗನಿಗೆ ಎರಡೂ ದಿನದ ಕಥೆ ಹೇಳಿ, ಒಂದನ್ನು ಮುಚ್ಚಿಡಬೇಡಿ. ಮುಂದೊಂದು ದಿನ ಅವನ ಚೆಂಡಿಗೂ ಯಾರೋ ಹೀಗೇ ಹೊಡೆಯುತ್ತಾರೆ. ಅವತ್ತು ರನ್‌ಅಪ್‌ಗೆ ತಿರುಗಿ ನಡೆಯುವಾಗ ಅವನಿಗೆ ನೆನಪಾಗಬೇಕಾದ್ದು ಅಹಮದಾಬಾದ್ ಅಲ್ಲ.

ಭುಜದ ನೋವಿನ ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನನ್ನು ಹೆಚ್ಚು ಕಾಡಿದ್ದು ಆ ಸಾಲೇ. 1997ರಲ್ಲಿ ಶ್ರೀನಾಥರ ಭುಜವೇ ಕೈಕೊಟ್ಟು, ಶಸ್ತ್ರಚಿಕಿತ್ಸೆಯಾಗಿ, ತಿಂಗಳುಗಟ್ಟಲೆ ಹೊರಗಿರಬೇಕಾಯಿತು. ಅವರಿಗಾಗ ಇಪ್ಪತ್ತೇಳು, ಪೂರ್ತಿ ಬಲಿತ ಮೈ. ನಿಮ್ಮ ಮಗನಿಗೆ ಹದಿಮೂರು, ಮೂಳೆ ಇನ್ನೂ ಬೆಳೆಯುತ್ತಿದೆ. ದಯವಿಟ್ಟು ಈ ವಾರವೇ ಹಾಸನಕ್ಕೆ ಕರೆತಂದು ಮೂಳೆ ಡಾಕ್ಟರಿಗೆ ತೋರಿಸಿ. ಅವರು ಸರಿ ಅನ್ನುವವರೆಗೆ ಅವನ ಕೈಗೆ ಚೆಂಡು ಕೊಡಬೇಡಿ. ತೋರಿಸಿದ ಮೇಲೆ ಏನಂದರು ಅಂತ ನನಗೊಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ